ದೂರವಾಣಿ ಇಲಾಖೆ ಕಂಪೆನಿಯಾದ ಮೇಲೆ

ಅಂಚೆ, ತಂತಿ, ದೂರವಾಣಿ ಮೂರೂ ಒಂದೇ ಇಲಾಖೆಯ ಆಶ್ರಯದಲ್ಲಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಟ್ರಂಕ್ ಕಾಲ್ ಬುಕ್ ಮಾಡಿ, 'ಅರ್ಜೆಂಟ್' ಎಂದು ಹೆಚ್ಚು ಹಣ ತೆತ್ತು, ಕಾದು ಕುಳಿತದ್ದೂ ಉಂಟು. ಮನೆಗೊಂದು ಫೋನು ಬೇಕೆಂದು ಅರ್ಜಿ ಕೊಟ್ಟವರು ವರ್ಷಗಟ್ಟಲೆ ಕಾಯಬೇಕಿತ್ತು.

1985ರಲ್ಲಿ ಅಂಚೆಯೂ ದೂರಸಂಪರ್ಕವೂ ಬೇರೆಯಾದುವು. ಮರುವರ್ಷ ದಿಲ್ಲಿ, ಮುಂಬಯಿಗಳು ಎಂ.ಟಿ.ಎನ್.ಎಲ್.ಗೂ ವಿದೇಶ ಸಂಪರ್ಕ ವಿ.ಎಸ್.ಎನ್.ಎಲ್.ಗೂ ಸಂದುವು. ಹೆಚ್ಚು ಆದಾಯದ ಎರಡು ನಗರಗಳು ಕೈಬಿಟ್ಟು, ದೇಶದ ಗುಡ್ಡ, ಕಾಡು, ಹಳ್ಳಿಗಳೆಲ್ಲ ಇಲಾಖೆಯ ಪಾಲಿಗೇ ಉಳಿದುವು. ಆದರೂ ಅದು ಸುಮ್ಮನೆ ಕೂರಲಿಲ್ಲ. ಸಿ-ಡಾಟ್ ಸಂಸ್ಥೆ ರೂಪಿಸಿದ, ಹವಾನಿಯಂತ್ರಣ ಬೇಡದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಎಸ್.ಟಿ.ಡಿ. ಬೂತುಗಳ ಹಳದಿ ಫಲಕ ಹಳ್ಳಿಯ ಕವಲುದಾರಿಗೂ ಬಂದದ್ದು ಆ ಬಳಿಕ.

2000ದ ಅಕ್ಟೋಬರ್ 1ರಂದು ಇಲಾಖೆಯ ಸೇವೆ ಬಿ.ಎಸ್.ಎನ್.ಎಲ್. ಎಂಬ ಕಂಪೆನಿಯ ಕೈಗೆ ಹೋಯಿತು. ಕಂಪೆನಿಯಾದರೂ ಅದಕ್ಕೆ ಕಂಪೆನಿಯ ಸ್ವಾತಂತ್ರ್ಯ ಸಿಕ್ಕಿತೇ? ಖಾಸಗಿಯವರು 1995ರಲ್ಲೇ ಆರಂಭಿಸಿದ ಮೊಬೈಲ್ ಸೇವೆಗೆ ಇದು ಇಳಿದದ್ದು 2002ರ ಅಕ್ಟೋಬರಿನಲ್ಲಿ. ತಡವಾದರೂ ಜನ ಸಿಮ್‌ಗಾಗಿ ಸಾಲುಗಟ್ಟಿದರು. ಬೇಡಿಕೆಗೆ ತಕ್ಕಂತೆ ಜಾಲ ಹಿಗ್ಗಿಸಲು 2006ರಲ್ಲಿ ಕರೆದ 4.55 ಕೋಟಿ ಲೈನುಗಳ ಟೆಂಡರು ವ್ಯಾಜ್ಯಕ್ಕೆ ಸಿಲುಕಿ, ಕೊನೆಗೆ ಅರ್ಧಕ್ಕೆ ಇಳಿಯಿತು. ಮಾರುಕಟ್ಟೆಯಲ್ಲಿ ಹೋರಾಡು ಎಂದು ಕಳುಹಿಸಿದವರೇ ಕೈ ಕಟ್ಟಿಹಾಕಿದರೆಂದು ನಾವು ಹೇಳದೆ ವಿಧಿಯಿಲ್ಲ.

2010ರಲ್ಲಿ ಇನ್ನೊಂದು ಪೆಟ್ಟು. ಹರಾಜಿನಲ್ಲಿ ಕೂಗದಿದ್ದರೂ ಹರಾಜಿನ ದರದಂತೆ ತರಂಗಾಂತರಕ್ಕೆ ಸುಮಾರು 18,500 ಕೋಟಿ ರೂಪಾಯಿ ತೆರಬೇಕಾಗಿ ಬಂದು, ಕೂಡಿಟ್ಟ ಗಂಟು ಕರಗಿತು. 2013ರ ಜುಲೈ 14ರ ರಾತ್ರಿ ತಂತಿ ಸೇವೆ ನಿಂತಿತು. 2020ರ ಜನವರಿ 31ರಂದು 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ಕಂಬ ಹತ್ತಿ ಮಳೆಯಲ್ಲಿ ತಂತಿ ಜೋಡಿಸಿದ ಲೈನ್‌ಮ್ಯಾನ್‌ಗಳೂ ಆ ಲೆಕ್ಕದಲ್ಲಿದ್ದರು.

ಗಡಿಯವರಾದ ನಮಗೆ ಇನ್ನೊಂದು ತಾಪತ್ರಯ. ಸರ್ಕಲ್‌ಗಳು ರಾಜ್ಯದ ಗೆರೆಯಂತೆ ಇರುವುದರಿಂದ, ಮಂಗಳೂರಿನ ಆಸ್ಪತ್ರೆಗೆ ಹೊರಟ ಕಾಸರಗೋಡಿನವರ ಫೋನು ತಲಪಾಡಿ ದಾಟಿದೊಡನೆ 'ರೋಮಿಂಗ್'. ಮನೆಯವರು ಕರೆದರೂ ನಮಗೇ ಖರ್ಚು! ಒಳಬರುವ ಕರೆಗಳಿಗೆ ಬಿ.ಎಸ್.ಎನ್.ಎಲ್. ಇದನ್ನು ತೆಗೆದದ್ದು 2015ರ ಜೂನ್ 15ರಿಂದ.

ಸ್ವದೇಶಿ ಉಪಕರಣದ ಅದರ 4ಜಿ ಸೇವೆಗೆ 2025ರ ಸೆಪ್ಟೆಂಬರ್ 27ರಂದು ವಿಧ್ಯುಕ್ತ ಚಾಲನೆ ದೊರೆಯಿತು. ಖಾಸಗಿಯವರು 5ಜಿ ಆರಂಭಿಸಿ ಆಗಲೇ ಸುಮಾರು ಮೂರು ವರ್ಷ ಸಂದಿತ್ತು.