ಶಾಂತಿರಕ್ಷಣೆಗೆ ನಮ್ಮ ಸೈನ್ಯ

ಪರರ ಜಗಳದ ನಡುವೆ ನಿಲ್ಲಲು ತನ್ನ ಮಕ್ಕಳನ್ನು ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆಯು ಹೊಸದಾಗಿ ಸ್ವತಂತ್ರವಾದ ರಾಷ್ಟ್ರಕ್ಕೆ ಒಂದಲ್ಲ ಒಂದು ದಿನ ಒದಗದೆ ಇರದು. ನಮಗೆ ಅದು 1950ರಲ್ಲಿ ಒದಗಿತು. ಕೊರಿಯದಲ್ಲಿ ಯುದ್ಧವು ಹೊತ್ತಿಕೊಳ್ಳಲು ಸಂಯುಕ್ತ ರಾಷ್ಟ್ರಸಂಘವು ಸದಸ್ಯರ ನೆರವನ್ನು ಕೋರಿತು. ದೇಶವಿಭಜನೆಯ ಗಾಯವಿನ್ನೂ ಮಾಯದಿದ್ದ ಭಾರತವು ಕಾದುವ ಪಡೆಯನ್ನು ಕಳುಹಿಸದೆ, ಗಾಯಾಳುಗಳ ಶುಶ್ರೂಷೆಗಾಗಿ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ದಳವನ್ನು ಕಳುಹಿಸಿತು. ಇದನ್ನು ಅಂಜಿಕೆಯೆನ್ನುವವರು ಎನ್ನಲಿ, ನಾವು ವಿವೇಕವೆನ್ನುವೆವು.

ಆ ವಿವೇಕದ ಫಲವು 1953ರಲ್ಲಿ ಕಂಡುಬಂದಿತು. ಸ್ವದೇಶಕ್ಕೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಯುದ್ಧಕೈದಿಗಳ ವಿಚಾರಕ್ಕೆಂದು ಏರ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆಯು ಭಾರತಕ್ಕೆ ಬಂದಿತು. ಆ ಪೀಠದಲ್ಲಿ ಕುಳಿತವರು ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ಕಾವಲಿಗೆ ಹೋದ ನಮ್ಮ ಸೈನಿಕರು ತನ್ನ ನೆಲವನ್ನು ಮೆಟ್ಟಲು ದಕ್ಷಿಣ ಕೊರಿಯದ ಸರ್ಕಾರವು ಒಪ್ಪದಿರಲು, ಅವರನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಉಭಯ ಪಕ್ಷಗಳ ನಿಂದೆಯನ್ನೂ ಅವರು ಸಹಿಸಿದರು. 1956ರಲ್ಲಿ ಗಾಜಾ, 1960ರ ಬಳಿಕ ಕಾಂಗೋ. 1965ರ ಡಿಸೆಂಬರಿನಲ್ಲಿ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ, ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, ದಿವಂಗತರಾದರು.

ಶರಾವತಿಯ ಅಳಿವೆಯನ್ನು ದಾಟುವ ಕಾಸರಕೋಡಿನ ಮೀನುಗಾರನು ತೆರೆಯ ಪರಿಯನ್ನು ನೋಡದೆ ದೋಣಿಯನ್ನು ನೂಕನು. ಹಾಗೆಂದು ದಡದಲ್ಲಿಯೇ ಕುಳಿತಿರನು. ರಾಜ್ಯಕ್ಕೂ ಇದೇ ನೀತಿ. ಉಭಯ ಪಕ್ಷಗಳ ಒಪ್ಪಿಗೆಯುಂಟೇ, ಆಜ್ಞೆಯು ಸ್ಪಷ್ಟವಾಗಿದೆಯೇ, ಹಿಂದಿರುಗುವ ದಾರಿಯಾವುದು ಎಂಬ ಮೂರನ್ನು ಪ್ರತಿಸಾರಿಯೂ ಕೇಳಬೇಕು. ಈ ಸೇವೆಯಲ್ಲಿ ಇದುವರೆಗೆ ನೂರೈವತ್ತಕ್ಕೂ ಮಿಕ್ಕ ಭಾರತೀಯರು ಪ್ರಾಣವನ್ನು ತೆತ್ತಿರುವರು. ಅವರ ಮನೆಯವರಿಗೆ ಹೇಳಲು ಉತ್ತರವಿದ್ದಾಗ ಮಾತ್ರ ಸರ್ಕಾರವು ಸೈನ್ಯವನ್ನು ಕಳುಹಿಸಲಿ, ಉತ್ತರವಿದ್ದಾಗ ಹಿಂಜರಿಯದಿರಲಿ.