ಅರಿಯದ ಸೀಮೆಯಲ್ಲಿ ಎಲ್ಕ್ ಬೇಟೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ, ಪ್ರತಿವರ್ಷವೂ ಸೆಪ್ಟೆಂಬರು ಮೊದಲಾಗಿ ನವೆಂಬರಿನವರೆಗೆ ಒಂದು ಬಗೆಯ ಯಾತ್ರೆ ನಡೆಯುತ್ತದೆ. ಪೂರ್ವದ ಬಯಲು ಸೀಮೆಯ ಜನರು, ತಮ್ಮ ಮೋಟಾರು ಬಂಡಿಗಳಲ್ಲಿ ಸಾವಿರ ಮೈಲಿಗಳ ದಾರಿಯನ್ನು ಕ್ರಮಿಸಿ, ಕೊಲೊರಾಡೊ, ವಯೋಮಿಂಗ್, ಮೊಂಟಾನಾ, ಐಡಾಹೊ ಎಂಬ ಪರ್ವತ ಪ್ರಾಂತಗಳಿಗೆ ಹೋಗಿ ಸೇರುತ್ತಾರೆ. ಇವರಲ್ಲಿ ಅನೇಕರು ಆ ಬೆಟ್ಟಗಳನ್ನು ಹಿಂದೆಂದೂ ಕಂಡವರಲ್ಲ. ಅಲ್ಲಿ ಇವರಿಗೆ ಒಂದು ಗುಂಟೆ ನೆಲವಿಲ್ಲ, ನೆಂಟರಿಲ್ಲ, ದಾರಿ ತೋರಿಸುವ ಆಳೂ ಇಲ್ಲ. ಆದರೂ ಕಾಡನ್ನು ಹೊಕ್ಕು ಎಲ್ಕ್ ಎಂಬ ದೊಡ್ಡ ಮೃಗವನ್ನೋ ಜಿಂಕೆಯನ್ನೋ ಬೇಟೆಯಾಡುವ ಹಕ್ಕು ಇವರಿಗುಂಟು. ಆ ಹಕ್ಕು ಎಂಥದು, ಅಪರಿಚಿತವಾದ ನೆಲದಲ್ಲಿ ಅದನ್ನು ಚಲಾಯಿಸುವವನು ಏನನ್ನು ಅರಿತಿರಬೇಕು ಎಂಬುದನ್ನು ಈ ದಿನ ತಮಗೆ ವಿವರಿಸಬೇಕೆಂದಿದ್ದೇನೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕು. ಯೂರೋಪಿನಲ್ಲಿ ಎಲ್ಕ್ ಎಂದರೆ ಅಗಲವಾದ ಹಲಗೆಗೊಂಬಿನ ಬೇರೊಂದು ಮೃಗ. ಅಮೆರಿಕದವರು ಅದನ್ನು ಮೂಸ್ ಎನ್ನುತ್ತಾರೆ. ಸಿಂಹಳದಲ್ಲಿ ನೆಲೆಸಿದ್ದ ಇಂಗ್ಲಿಷರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಕರೆದುಬಿಟ್ಟರು. ಆದ್ದರಿಂದ ಹಳೆಯ ಶಿಕಾರಿ ಪುಸ್ತಕಗಳಲ್ಲಿ ಈ ಪದ ಕಂಡಾಗ ಓದುಗರು ಎಚ್ಚರದಿಂದಿರಬೇಕು. ಇಲ್ಲಿ ನಾನು ಹೇಳುವ ಎಲ್ಕ್ ಈ ಎರಡೂ ಅಲ್ಲ. ಶಾನೀ ಎಂಬ ಮೂಲನಿವಾಸಿಗಳ ಮಾತಿನಲ್ಲಿ ಇದಕ್ಕೆ ವಾಪಿಟಿ ಎಂದು ಹೆಸರು. ಬಿಳಿಯ ಪೃಷ್ಠದ್ದು ಎಂದು ಅರ್ಥ. ಗಂಡು ಮುನ್ನೂರು ಕಿಲೋಗ್ರಾಮಿಗೂ ಮೀರಿ ತೂಗುತ್ತದೆ. ವರ್ಷವರ್ಷವೂ ಕೊಂಬು ಉದುರಿ ಹೊಸದಾಗಿ ಬೆಳೆಯುತ್ತದೆ. ಹಿಂಡಾಗಿ ಬಾಳುವ ಈ ಮೃಗ, ಸೆಪ್ಟೆಂಬರಿನ ಬೆದೆಗಾಲದಲ್ಲಿ ಕಹಳೆಯನ್ನೂದಿದಂತೆ ಕೂಗುತ್ತದೆ. ಇದರ ಜೊತೆಗೆ ಅದೇ ಬೆಟ್ಟಗಳಲ್ಲಿರುವುದು ಮ್ಯೂಲ್ ಜಿಂಕೆ. ಹೇಸರಗತ್ತೆಯಂತಹ ದೊಡ್ಡ ಕಿವಿಗಳಿಂದ ಅದಕ್ಕೆ ಆ ಹೆಸರು ಬಂದಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಂತುಹೋಗಿದೆ. ಆದಕಾರಣ ಈ ಮಾತುಗಳನ್ನು ಕೇಳಿ ಯಾರೂ ಕಡವೆಯ ಕಡೆಗೆ ಕಣ್ಣು ಹಾಯಿಸಬಾರದು.

ಇನ್ನು ನೆಲದ ವಿಚಾರ. ಅಮೆರಿಕದ ಕೇಂದ್ರ ಸರ್ಕಾರದ ವಶದಲ್ಲಿ ರಾಷ್ಟ್ರೀಯ ಅರಣ್ಯಗಳೆಂಬ ಹೆಸರಿನಲ್ಲಿ ಸುಮಾರು 19 ಕೋಟಿ ಎಕರೆಯೂ, ಭೂ ನಿರ್ವಹಣಾ ಇಲಾಖೆಯ ಕೆಳಗೆ ಸುಮಾರು 24 ಕೋಟಿ ಎಕರೆಯೂ ಇವೆ. ಇವುಗಳಲ್ಲಿ ಬಹುಪಾಲು ಬೇಟೆಗೆ ತೆರೆದಿವೆ. ನ್ಯಾಷನಲ್ ಪಾರ್ಕುಗಳೆಂಬುವು ಬೇರೆ. ಅಲ್ಲಿ ಸಾಮಾನ್ಯವಾಗಿ ಬೇಟೆ ನಿಷಿದ್ಧ. ಹೊಸಬರು ಈ ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುವುದುಂಟು. ನೆಲ ಕೇಂದ್ರದ್ದಾದರೂ ಅದರ ಮೇಲಿನ ಮೃಗಗಳು ಆಯಾ ಪ್ರಾಂತದ ಪ್ರಜೆಗಳ ಸ್ವತ್ತು. ಪ್ರಾಂತ ಸರ್ಕಾರವು ಅವರ ಪರವಾಗಿ ಧರ್ಮದರ್ಶಿಯಂತೆ ಅವನ್ನು ಕಾಯುತ್ತದೆ. ಆದ್ದರಿಂದ ಪರವಾನಗಿಯನ್ನು ಕೊಡತಕ್ಕದ್ದು ಪ್ರಾಂತವೇ. ಈ ಏರ್ಪಾಡು ಸುಮ್ಮನೆ ಬಂದುದಲ್ಲ. ಮಾಂಸ, ಚರ್ಮ, ಹಲ್ಲುಗಳ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಕೊಂದುದರಿಂದ, ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಆ ದೇಶದಲ್ಲಿ ಎಲ್ಕ್‌ಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದಿತ್ತು. ಈಗ ಅದು ಹತ್ತು ಲಕ್ಷದ ಸಮೀಪದಲ್ಲಿದೆ. ಪರವಾನಗಿಯ ಹಣವೂ, 1937ರ ಕಾಯಿದೆಯಂತೆ ಕೋವಿ ಮತ್ತು ತೋಟಾಗಳ ಮೇಲೆ ವಸೂಲಾಗುವ ತೆರಿಗೆಯೂ ಈ ಪಾಲನೆಗೆ ಒದಗುತ್ತವೆ.

ಪರವಾನಗಿಯೆಂದರೆ ಎಲ್ಲಿ ಬೇಕಾದರೂ ಏನನ್ನಾದರೂ ಹೊಡೆಯುವ ಅಪ್ಪಣೆಯಲ್ಲ. ಇಂಥ ವಿಭಾಗ, ಇಂಥ ದಿನಗಳು, ಗಂಡೋ ಹೆಣ್ಣೋ ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಒಳ್ಳೆಯ ವಿಭಾಗಗಳಿಗೆ ತಿಂಗಳುಗಳ ಮುಂಚೆ ದರ್ಖಾಸ್ತು ಹಾಕಿ ಚೀಟಿ ಎತ್ತುವುದನ್ನು ಕಾದಿರಬೇಕು. ಕೆಲವಕ್ಕೆ ಹತ್ತಾರು ವರ್ಷ ಕಾದವರೂ ಇದ್ದಾರೆ. ನಿಯಮಗಳು ವರ್ಷಕ್ಕೊಮ್ಮೆ ಬದಲಾಗುವುದರಿಂದ ಕಳೆದ ಸಾಲಿನ ಪುಸ್ತಕವನ್ನು ನಂಬಿ ಹೊರಡುವುದು ಅವಿವೇಕ.

ಹಕ್ಕು ಇದ್ದರೂ ನೆಲವನ್ನು ಮುಟ್ಟುವುದು ಯಾವಾಗಲೂ ಸುಲಭವಲ್ಲವೆಂಬುದಕ್ಕೆ ವಯೋಮಿಂಗಿನ ಒಂದು ವ್ಯಾಜ್ಯವನ್ನು ಹೇಳುತ್ತೇನೆ. ಆ ಸೀಮೆಯ ಭೂಮಿಯನ್ನು ಹಿಂದೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ, ಚೌಕಗಳಾಗಿ ಅಳೆದರು. ರೈಲುದಾರಿಯನ್ನು ಹಾಕುವಾಗ ದಾರಿಯ ಎರಡೂ ಕಡೆ ಬೆಸ ಸಂಖ್ಯೆಯ ಚೌಕಗಳನ್ನು ರೈಲು ಕಂಪೆನಿಗಳಿಗೆ ಕೊಟ್ಟು, ಸಮ ಸಂಖ್ಯೆಯವನ್ನು ಸರ್ಕಾರ ಉಳಿಸಿಕೊಂಡಿತು. ಇದರಿಂದ ನೆಲವೆಲ್ಲ ಚದುರಂಗದ ಹಲಗೆಯಂತಾಯಿತು: ಕಪ್ಪು ಮನೆ ಖಾಸಗಿಯವರದು, ಬಿಳಿ ಮನೆ ಸರ್ವರದು. ಬಿಳಿಯ ಮನೆಯಿಂದ ಬಿಳಿಯ ಮನೆಗೆ ಹೋಗಬೇಕಾದರೆ ಮೂಲೆಯ ಒಂದು ಬಿಂದುವಿನ ಮೇಲೆಯೇ ದಾಟಬೇಕು. 2021ರಲ್ಲಿ ಮಿಸೌರಿಯಿಂದ ಬಂದ ನಾಲ್ವರು ಬೇಟೆಗಾರರು, ಖಾಸಗಿ ನೆಲಕ್ಕೆ ಪಾದವನ್ನು ಸೋಕಿಸದೆ, ಎಲ್ಕ್ ಮೌಂಟನ್ ಎಂಬಲ್ಲಿ ಅಂಥ ಮೂಲೆಯ ಮೇಲೆ ಏಣಿಯನ್ನಿಟ್ಟು ದಾಟಿದರು. ಗಾಳಿಯಲ್ಲಿ ಹಾದುಹೋದದ್ದೂ ಅತಿಕ್ರಮವೇ ಎಂದು ದಾವೆ ಹೂಡಲಾಯಿತು. 2022ರಲ್ಲಿ ಜ್ಯೂರಿಯವರು ಅವರನ್ನು ನಿರ್ದೋಷಿಗಳೆಂದರು; ನೆಲದೊಡೆಯನು ಬೇರೆಯಾಗಿ ತಂದ ಸಿವಿಲ್ ದಾವೆಯಲ್ಲಿ 2025ರಲ್ಲಿ ಹತ್ತನೆಯ ವಲಯದ ಅಪೀಲು ನ್ಯಾಯಾಲಯವೂ, ಸಾರ್ವಜನಿಕ ಭೂಮಿಗೆ ಬೇಲಿ ಕಟ್ಟಿ ಜನರನ್ನು ತಡೆಯಬಾರದೆಂಬ 1885ರ ಶಾಸನವನ್ನು ಆಧಾರವಾಗಿಟ್ಟುಕೊಂಡು, ಬೇಟೆಗಾರರ ಪರವಾಗಿ ತೀರ್ಪಿತ್ತಿತು. ಆ ತೀರ್ಪು ಸಲ್ಲುವುದು ಆ ವಲಯದ ಆರು ಪ್ರಾಂತಗಳಿಗೆ ಮಾತ್ರ. ಹೊಸಬನು ಚಕ್ಕುಬಂದಿಯನ್ನು ಮೊದಲು ತಿಳಿಯತಕ್ಕದ್ದು, ಮೃಗವನ್ನು ಆಮೇಲೆ ಅರಸತಕ್ಕದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಒಡೆತನವನ್ನು ಬಣ್ಣಗಳಿಂದ ತೋರಿಸುವ ನಕ್ಷೆಗಳು ಈಗ ಕೈಯಲ್ಲಿನ ಫೋನಿನಲ್ಲಿಯೇ ದೊರೆಯುತ್ತವೆ. ಆದರೆ ಕಣಿವೆಯ ತಳದಲ್ಲಿ ಫೋನಿಗೆ ಸುದ್ದಿ ಮುಟ್ಟದು, ಚಳಿಗೆ ಅದರ ಶಕ್ತಿ ಬೇಗ ಕುಂದುತ್ತದೆ. ಕಾಗದದ ನಕ್ಷೆಯೂ ದಿಕ್ಸೂಚಿಯೂ ಜೇಬಿನಲ್ಲಿರಲೇಬೇಕು.

ಒಡೆತನ ತಿಳಿದ ಮೇಲೆ ಅದೇ ನಕ್ಷೆಯಿಂದ ಮೃಗದ ಮನೆಯನ್ನು ಊಹಿಸಬಹುದು. ಅಲ್ಲಿನ ಭೂಮಾಪನ ಇಲಾಖೆಯ ಪಟಗಳಲ್ಲಿ ಎತ್ತರವನ್ನು ಕಂದುಗೆರೆಗಳಿಂದಲೂ, ಕಾಡನ್ನು ಹಸುರಿನಿಂದಲೂ, ನೀರನ್ನು ನೀಲಿಯಿಂದಲೂ ತೋರಿಸಿರುತ್ತಾರೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು. ಆ ಒತ್ತಿನ ನಡುವೆ ಎಲ್ಲಿಯಾದರೂ ಗೆರೆಗಳು ದೂರವಾಗಿದ್ದರೆ ಅಲ್ಲಿ ಜಗಲಿಯಂತಹ ಮಟ್ಟಸ ನೆಲವಿದೆಯೆಂದು ತಿಳಿಯಬೇಕು. ಎಲ್ಕ್ ಹಗಲಿನಲ್ಲಿ ಮಲಗುವುದಕ್ಕೆ ಇಂಥ ಜಗಲಿಗಳನ್ನೇ ಬಯಸುತ್ತದೆ. ಉತ್ತರಕ್ಕೆ ಮುಖವಾದ ಇಳಿಜಾರಿಗೆ ಬಿಸಿಲು ಕಡಿಮೆ. ಅಲ್ಲಿ ಸ್ಪ್ರೂಸ್, ಫರ್ ಮರಗಳು ದಟ್ಟವಾಗಿ ಬೆಳೆದು ತಂಪಾಗಿರುತ್ತದೆ. ದಕ್ಷಿಣದ ಮುಖ ಬಿಸಿಲಿಗೆ ಒಣಗಿ ಹುಲ್ಲಾಗಿರುತ್ತದೆ. ರಾತ್ರಿ ಹುಲ್ಲಿನಲ್ಲಿ ಮೇಯ್ದು, ನಸುಕಿನಲ್ಲಿ ಏಣನ್ನು ದಾಟಿ ಉತ್ತರದ ಕತ್ತಲುಕಾಡನ್ನು ಸೇರುವುದು ಅವುಗಳ ನಿತ್ಯದ ವ್ಯವಹಾರ. ಆದ್ದರಿಂದ ಹುಲ್ಲುಬಯಲು, ನೀರು, ಕತ್ತಲುಕಾಡು ಈ ಮೂರೂ ಒಂದು ಮೈಲಿಯೊಳಗೆ ಕೂಡುವ ಜಾಗಗಳನ್ನು ಮನೆಯಲ್ಲಿ ಕುಳಿತೇ ಗುರುತು ಹಾಕಿಕೊಳ್ಳಬಹುದು. ಕಾಕನಕೋಟೆಯ ಕಡೆಯ ಹಡ್ಲುಗಳನ್ನು ಬಲ್ಲ ಕೇಳುಗರಿಗೆ ಈ ಮಾತು ಹೊಸದಾಗಿ ತೋರಲಾರದು.

ನಕ್ಷೆಯಲ್ಲಿ ನೋಡಬೇಕಾದ ಇನ್ನೊಂದು ವಸ್ತು ರಸ್ತೆ. ಒರೆಗಾನ್ ಪ್ರಾಂತದ ಸ್ಟಾರ್ಕಿ ಪ್ರಯೋಗಾರಣ್ಯದಲ್ಲಿ ಎಲ್ಕ್‌ಗಳಿಗೆ ರೇಡಿಯೋ ಪಟ್ಟಿಗಳನ್ನು ಕಟ್ಟಿ ವರ್ಷಗಟ್ಟಲೆ ಪರೀಕ್ಷಿಸಿದರು. ವಾಹನ ಓಡಾಡುವ ದಾರಿಗಳಿಂದ ಅವು ದೂರ ಸರಿಯುತ್ತವೆಂದು ಅದರಿಂದ ಸ್ಥಿರಪಟ್ಟಿತು. ಸೋಜಿಗವೆಂದರೆ, ಮ್ಯೂಲ್ ಜಿಂಕೆಗಳು ಎಲ್ಕ್‌ಗಳಿಂದ ದೂರ ಸರಿದು, ಅದರ ಫಲವಾಗಿ ರಸ್ತೆಗೆ ಹತ್ತಿರವಾಗುತ್ತವೆ. ಬೇಟೆಯ ದಿನಗಳು ಆರಂಭವಾಗುತ್ತಲೇ ಜನಸಂಚಾರ ಹೆಚ್ಚಿ, ಹಿಂದಿನ ದಿನ ಬಯಲಿನಲ್ಲಿದ್ದ ಹಿಂಡು ಯಾರೂ ಇಳಿಯಲೊಲ್ಲದ ಕೊರಕಲನ್ನು ಸೇರಿಬಿಡುತ್ತದೆ. ಅಂಥ ಕೊರಕಲು ರಸ್ತೆಯಿಂದ ಹತ್ತು ಮೈಲಿ ದೂರದಲ್ಲಿಯೇ ಇರಬೇಕೆಂದಿಲ್ಲ. ಒಂದು ಮೈಲಿಯಲ್ಲಿಯೂ ಇರಬಹುದು.

ನೆಲಕ್ಕೆ ಇಳಿದ ಮೇಲೆ ನಕ್ಷೆಯ ಊಹೆಯನ್ನು ಒರೆಗೆ ಹಚ್ಚಬೇಕು. ಅರಣ್ಯದಲ್ಲಿ ದನಗಳನ್ನೂ ಮೇಯಲು ಬಿಟ್ಟಿರುವುದರಿಂದ, ಹಸುವಿನ ಹೆಜ್ಜೆಯನ್ನು ಎಲ್ಕಿನದೆಂದು ಭ್ರಮಿಸಿ ಒಂದು ಹಗಲನ್ನು ಕಳೆದ ಹೊಸಬರು ಬಹಳ. ಹಿಕ್ಕೆ ಒದ್ದೆಯಾಗಿ ಹೊಳೆಯುತ್ತಿದೆಯೋ ಒಣಗಿದೆಯೋ, ಹೆಜ್ಜೆಯ ಅಂಚು ಚೂಪಾಗಿದೆಯೋ ಕುಸಿದಿದೆಯೋ, ಕೊಂಬು ತಿಕ್ಕಿದ ಮರದ ತೊಗಟೆಯಲ್ಲಿ ರಸ ಹಸಿಯಾಗಿದೆಯೋ ಎಂದು ನೋಡಬೇಕು. ಹಳೆಯ ಗುರುತು ಎಷ್ಟೇ ಹೇರಳವಾಗಿದ್ದರೂ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ಗಾಳಿ. ಬೆಟ್ಟದ ನಾಡಿನಲ್ಲಿ ಬೆಳಗಿನ ತಂಪಿಗೆ ಗಾಳಿ ಕಣಿವೆಗೆ ಇಳಿಯುತ್ತದೆ. ಬಿಸಿಲೇರಿದಂತೆ ಮೇಲಕ್ಕೆ ಹರಿಯುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಆದ್ದರಿಂದ ನಸುಕಿನಲ್ಲಿ ಕೆಳಗಿನಿಂದ ಏರುವವನಿಗೆ ಅನುಕೂಲವಾಗಿದ್ದ ಗಾಳಿ, ಸೂರ್ಯೋದಯವಾದ ಒಂದೆರಡು ಗಂಟೆಗಳಲ್ಲಿ ಅವನ ಮೈಗಂಧವನ್ನು ಹಿಂಡಿನ ಮೂಗಿಗೆ ಒಯ್ದು ಒಪ್ಪಿಸುತ್ತದೆ. ಎಲ್ಕ್ ಕಣ್ಣನ್ನಾದರೂ ಕಿವಿಯನ್ನಾದರೂ ಒಮ್ಮೊಮ್ಮೆ ಶಂಕಿಸೀತು, ಮೂಗನ್ನು ಶಂಕಿಸುವುದಿಲ್ಲ.

ಇಷ್ಟನ್ನೂ ಕಲಿತು ಮೃಗವು ಈಡಿಗೆ ಸಿಕ್ಕಿತೆನ್ನಿ. ಹೊಸಬನು ಕೋವಿಯನ್ನು ಎತ್ತುವ ಮೊದಲು ಮಾಡಬೇಕಾದ ಲೆಕ್ಕವೊಂದಿದೆ. ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳೆಲ್ಲ ಅದರಲ್ಲಿಯೇ ಇದೆ. ದೊಡ್ಡ ಗಂಡಿನಿಂದ ಮೂಳೆ ತೆಗೆದ ಮಾಂಸ ಸುಮಾರು 90 ಕಿಲೋಗ್ರಾಮು ದೊರೆಯುತ್ತದೆ. ಏರಿಳಿತದ ನೆಲದಲ್ಲಿ ಒಬ್ಬನು ತನ್ನ ಸಾಮಾನಿನ ಜೊತೆಗೆ ಒಂದು ಸಲಕ್ಕೆ ಹೊರಬಲ್ಲುದು ಅದರ ಕಾಲು ಭಾಗ. ಅಂದರೆ ನಾಲ್ಕು ಹೊರೆ. ಮೃಗ ಬಿದ್ದ ಸ್ಥಳ ರಸ್ತೆಯಿಂದ ಮೂರು ಮೈಲಿಯಾದರೆ, ಹೊತ್ತು ಬರುವುದು ನಾಲ್ಕು ಸಲ, ಬರಿಗೈಯಲ್ಲಿ ಹಿಂದಿರುಗುವುದು ಮೂರು ಸಲ. ಒಟ್ಟು ಇಪ್ಪತ್ತೊಂದು ಮೈಲಿ. ಒಂಬತ್ತು ಸಾವಿರ ಅಡಿಗಳ ಎತ್ತರದಲ್ಲಿ, ಬಯಲು ಸೀಮೆಯಿಂದ ಮೊನ್ನೆ ಬಂದವನಿಗೆ, ಇದು ಒಂದು ದಿನದ ಕೆಲಸವಲ್ಲ. ಅಷ್ಟರಲ್ಲಿ ಮಾಂಸದ ಗತಿಯೇನು? ಎಲ್ಕಿನ ದಪ್ಪ ಚರ್ಮ ದೇಹದ ಕಾವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಒಡನೆಯೇ ಸುಲಿದು, ತೊಡೆ ಮುಂಗಾಲುಗಳನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ಹಾಕಿ ನೆರಳಿನಲ್ಲಿ ತೂಗುಹಾಕದಿದ್ದರೆ, ರಾತ್ರಿ ಹಿಮ ಬಿದ್ದರೂ ತೊಡೆಯ ಕೀಲಿನ ಬಳಿ ಮಾಂಸ ಒಳಗೊಳಗೇ ಹಳಸುತ್ತದೆ. ವಯೋಮಿಂಗ್, ಮೊಂಟಾನಾಗಳ ಕೆಲವು ಕಡೆ ಗ್ರಿಜ್ಲಿ ಕರಡಿಗಳಿವೆ. ಬಿಟ್ಟುಬಂದ ಮಾಂಸಕ್ಕೆ ಮರುದಿನ ಒಡೆಯ ಬೇರೆಯಾಗಿರಬಹುದು. ತಿನ್ನತಕ್ಕ ಮಾಂಸವನ್ನು ಕಾಡಿನಲ್ಲಿ ಹಾಳುಗೆಡವುವುದು ಆ ಪ್ರಾಂತಗಳಲ್ಲಿ ದಂಡನಾರ್ಹವಾದ ಅಪರಾಧ.

ಆದ್ದರಿಂದ ಬಲ್ಲವರು ಗುಂಡು ಎಷ್ಟು ದೂರ ಹೋದೀತೆಂಬುದನ್ನಲ್ಲ, ತಮ್ಮ ಬೆನ್ನು ಎಷ್ಟು ದೂರ ಹೊತ್ತೀತೆಂಬುದನ್ನು ನೋಡಿ ಮೇರೆಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಒಬ್ಬಂಟಿಗನಾದರೆ ಒಂದೂವರೆ ಮೈಲಿ, ಜೊತೆಗಾರರಿದ್ದರೆ ಮೂರು, ಹೇಸರಗತ್ತೆಯನ್ನು ಬಾಡಿಗೆಗೆ ಹಿಡಿದಿದ್ದರೆ ಇನ್ನಷ್ಟು ಎಂದು ನಕ್ಷೆಯ ಮೇಲೆ ಗೆರೆ ಎಳೆದುಕೊಂಡು, ಅದರಾಚೆ ಎಂಥ ಕೊಂಬಿನ ಗಂಡು ಕಂಡರೂ ಕೋವಿಯನ್ನು ಇಳಿಸಿಬಿಡುವುದು ಉತ್ತಮ. ಕತ್ತಲಾಗುವ ಹೊತ್ತಿಗೆ ಹಾರಿಸುವ ಗುಂಡಿಗೂ ಇದೇ ಮಾತು. ಕೊಲೊರಾಡೊದಲ್ಲಿ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಹೊಡೆಯಲು ಕಾನೂನಿನ ಅನುಮತಿಯುಂಟು. ಆದರೆ ಗಾಯಗೊಂಡ ಮೃಗವನ್ನು ಅರಿಯದ ಕಾಡಿನಲ್ಲಿ ರಾತ್ರಿ ನೆತ್ತರು ಹಿಡಿದು ಹುಡುಕುವುದು ಕಾನೂನಿನಲ್ಲಿ ಬರೆದಷ್ಟು ಸುಲಭವಲ್ಲ.

ಹುಡುಕುವವನೇ ದಾರಿ ತಪ್ಪುವುದೂ ಉಂಟು. ಅಕ್ಟೋಬರಿನಲ್ಲಿ ಮಧ್ಯಾಹ್ನ ಅಂಗಿಯೊಂದೇ ಸಾಕೆನಿಸುವ ಬೆಟ್ಟದಲ್ಲಿ ಸಂಜೆಗೆ ಮೊಣಕಾಲುದ್ದ ಹಿಮ ಬೀಳಬಹುದು. ಯಾವ ಕಣಿವೆ, ಯಾವಾಗ ಹಿಂದಿರುಗುವುದು ಎಂಬುದನ್ನು ಬರೆದು ಊರಿನಲ್ಲಿರುವ ಒಬ್ಬರ ಕೈಯಲ್ಲಿ ಕೊಟ್ಟು ಹೋಗಬೇಕು. ಬೆಂಕಿಕಡ್ಡಿ, ದೀಪ, ಒಣ ಉಣ್ಣೆಬಟ್ಟೆಗಳನ್ನು ಬಿಟ್ಟು ಡೇರೆಯಿಂದ ಕದಲಬಾರದು. ಬಂದೂಕಿನ ಬೇಟೆಯ ದಿನಗಳಲ್ಲಿ ಕೊಲೊರಾಡೊದವರು 500 ಚದರ ಅಂಗುಲದಷ್ಟು ಪ್ರಖರವಾದ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ಸೊಂಟದ ಮೇಲೆ ಧರಿಸಲೇಬೇಕೆಂದು ವಿಧಿಸಿದ್ದಾರೆ. ಜಿಂಕೆಯ ಕಣ್ಣಿಗೆ ಆ ಬಣ್ಣ ಎದ್ದು ಕಾಣದು, ಮತ್ತೊಬ್ಬ ಬೇಟೆಗಾರನ ಕಣ್ಣಿಗೆ ಕಾಣುತ್ತದೆ.

ಕಟ್ಟಕಡೆಯ ಹೊರೆ ಬಂಡಿಗೆ ಬಂದ ಮೇಲೆಯೂ ಒಂದು ಕೆಲಸ ಉಳಿದಿದೆ. 1967ರಲ್ಲಿ ಕೊಲೊರಾಡೊದಲ್ಲಿ ಸಾಕಿದ ಮ್ಯೂಲ್ ಜಿಂಕೆಗಳಲ್ಲಿ ಮೊದಲು ಕಾಣಿಸಿಕೊಂಡ ಕ್ಷಯಿಸುವ ಜಾಡ್ಯವೊಂದು ಈಗ ಹಲವು ಪ್ರಾಂತಗಳಿಗೆ ಹರಡಿದೆ. ಅದು ಮಿದುಳನ್ನು ಹಿಡಿಯುವ ರೋಗ, ಮದ್ದಿಲ್ಲ. ಮನುಷ್ಯರಿಗೆ ತಗುಲಿದುದು ಇದುವರೆಗೆ ಸಿದ್ಧವಾಗಿಲ್ಲವಾದರೂ, ರೋಗವಿದ್ದ ಮೃಗದ ಮಾಂಸವನ್ನು ತಿನ್ನಬಾರದೆಂದು ಆರೋಗ್ಯ ಇಲಾಖೆಯವರ ಸಲಹೆ. ಮಿದುಳು, ಬೆನ್ನುಹುರಿಗಳನ್ನು ಒಂದು ಪ್ರಾಂತದಿಂದ ಮತ್ತೊಂದಕ್ಕೆ ಸಾಗಿಸಲು ಅನೇಕ ಕಡೆ ಪ್ರತಿಬಂಧವಿದೆ. ಆದ್ದರಿಂದ ಊರಿಗೆ ಹೊರಡುವ ಮುಂಚೆ ತಲೆಯನ್ನು ತಪಾಸಣೆಯ ಠಾಣೆಗೆ ಒಪ್ಪಿಸಿ, ಚೀಟಿ ಪಡೆದು, ಮಾಂಸವನ್ನು ಮನೆಯ ಶೀತಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟು, ಉತ್ತರ ಬರುವವರೆಗೆ ಒಲೆಗೆ ಏರಿಸದೆ ಕಾದಿರುತ್ತಾರೆ.