ಓಕ್‌ಲ್ಯಾಂಡಿನ ಬರಿನೆಲ

ಮಸಣವೆಂಬುದು ನಮ್ಮಲ್ಲಿ ಹೋಗಿಬರಬೇಕಾದ ಸ್ಥಳವೇ ಹೊರತು ನೋಡಿಬರುವ ಸ್ಥಳವಲ್ಲ. ಹೋದವರು ಹಿಂತಿರುಗಿ ನೋಡದೆ ಬರಬೇಕು; ಬಂದವರು ಮನೆಯ ಒಳಗನ್ನು ಮುಟ್ಟುವ ಮುನ್ನ ಮೈಮೇಲೆ ನೀರು ಸುರಿದುಕೊಳ್ಳಬೇಕು. ಈ ಸಂಸ್ಕಾರದಲ್ಲಿ ಅರುವತ್ತಕ್ಕೂ ಮೀರಿದ ವರ್ಷಗಳನ್ನು ಕಳೆದ ನನಗೆ, ಅಮೆರಿಕದ ಅಟ್ಲಾಂಟಾ ನಗರದಲ್ಲಿ ನೆಲಸಿರುವ ಮಗಳು ಒಂದು ಭಾನುವಾರ, "ಅಪ್ಪಾ, ಇವತ್ತು ಓಕ್‌ಲ್ಯಾಂಡ್ ಸ್ಮಶಾನ ನೋಡಿಕೊಂಡು ಬರೋಣ, ಬುತ್ತಿ ಕಟ್ಟಿದ್ದೇನೆ" ಎಂದಾಗ ಆದ ಗಲಿಬಿಲಿಯನ್ನು ಕೇಳುಗರು ಊಹಿಸಿಕೊಳ್ಳಬಹುದು. ನನ್ನಾಕೆ ಬರಲೊಪ್ಪಲಿಲ್ಲ. "ನೀವು ಹೋಗಿಬನ್ನಿ. ಬಂದವರು ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ನಡೆಯಿರಿ" ಎಂದು ತಾಕೀತು ಮಾಡಿದಳು.

ಬುತ್ತಿಯ ಮಾತು ಮಗಳ ಹುಡುಗಾಟವಲ್ಲವೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಕ್ರೈಸ್ತ ದೇಶಗಳಲ್ಲಿ ಹೆಣ ಹೂಳುತ್ತಿದ್ದುದು ಹೆಚ್ಚಾಗಿ ಇಗರ್ಜಿಯ ಇಕ್ಕಟ್ಟಾದ ಅಂಗಳದಲ್ಲಿ. ಊರುಗಳು ಬೆಳೆದಂತೆ ಅಲ್ಲಿ ಎಡೆ ಸಾಲದಾಯಿತು, ರೋಗದ ಭಯವೂ ಹುಟ್ಟಿತು. ಪ್ಯಾರಿಸ್ಸಿನಲ್ಲಿ 1804ರಲ್ಲಿ, ಅಮೆರಿಕದ ಬಾಸ್ಟನ್ನಿನ ಬಳಿ 1831ರಲ್ಲಿ, ಊರಾಚೆ ಗಿಡಮರಗಳ ನಡುವೆ ವಿಶಾಲವಾದ ರುದ್ರಭೂಮಿಗಳು ಏರ್ಪಟ್ಟವು. ಸಾರ್ವಜನಿಕ ಉದ್ಯಾನಗಳು ಇನ್ನೂ ವಿರಳವಾಗಿದ್ದ ಆ ಕಾಲದಲ್ಲಿ ಜನ ಗಾಡಿ ಕಟ್ಟಿಕೊಂಡು, ಮಕ್ಕಳುಮರಿಗಳೊಡನೆ, ಸತ್ತವರ ಪಕ್ಕದಲ್ಲೇ ಕುಳಿತು ಉಂಡು ಬರುತ್ತಿದ್ದರು. ಓಕ್‌ಲ್ಯಾಂಡ್ ಆ ವಂಶಕ್ಕೆ ಸೇರಿದುದು. 1850ರಲ್ಲಿ ಬರಿಯ 6 ಎಕರೆಗಳಿಂದ ಆರಂಭವಾಗಿ ಇಂದು 48 ಎಕರೆಗಳಷ್ಟಿದೆ. ಸುಮಾರು 70,000 ಮಂದಿ ಅಲ್ಲಿ ಮಲಗಿದ್ದಾರೆ. ಪ್ರವೇಶಕ್ಕೆ ಶುಲ್ಕವಿಲ್ಲ. ಬಾಗಿಲಲ್ಲಿ ನಕ್ಷೆಯೊಂದನ್ನು ಪಡೆದುಕೊಂಡು ಒಳಗೆ ನಡೆದೆವು.

ಮೊದಲ ಅರ್ಧ ಗಂಟೆ ನಾನು ಕಲ್ಲುಗಳನ್ನು ಓದುತ್ತ ಸಾಗಿದೆ. ಅಲ್ಲಿಯ ಕಲ್ಲಿಗೊಂದು ಭಾಷೆಯುಂಟು. ಅರ್ಧಕ್ಕೆ ಮುರಿದ ಕಂಬವೆಂದರೆ ನಡುವಯಸ್ಸಿನಲ್ಲಿ ಕಡಿದುಹೋದ ಬಾಳು. ಮಲಗಿದ ಕುರಿಮರಿಯೆಂದರೆ ಅದರಡಿಯಲ್ಲಿ ಕೂಸು. ಯೆಹೂದ್ಯರ ಭಾಗದಲ್ಲಿ ಹೀಬ್ರೂ ಅಕ್ಷರಗಳ ಕಲ್ಲುಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಗಾಲ್ಫ್ ಆಟಗಾರ ಬಾಬಿ ಜೋನ್ಸನ ಗೋರಿಯ ಮೇಲೆ ಅಭಿಮಾನಿಗಳು ಹೂವಿಗೆ ಬದಲು ಚೆಂಡುಗಳನ್ನಿಟ್ಟು ಹೋಗಿದ್ದರು. ದೇವರಿಗೆ ಅವನಿಗೆ ಪ್ರಿಯವಾದುದನ್ನೇ ಅರ್ಪಿಸುವ ನಮ್ಮ ಪದ್ಧತಿ ನೆನಪಾಗಿ ನಕ್ಕೆ.

ಅಂತರ್ಯುದ್ಧದಲ್ಲಿ, ಎಂದರೆ 1861ರಿಂದ 1865ರವರೆಗೆ, ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಪಕ್ಷದಲ್ಲಿ ಕಾದಿ ಸತ್ತ ದಕ್ಷಿಣದ ಸೈನಿಕರು ಇಲ್ಲಿ ಸುಮಾರು 7,000. ಅವರಲ್ಲಿ ಸುಮಾರು 3,000 ಮಂದಿಯ ಹೆಸರು ತಿಳಿಯದು. ಈ ಅನಾಮಧೇಯರ ನೆನಪಿಗೆಂದು 1894ರಲ್ಲಿ ಅಮೃತಶಿಲೆಯ ಸಿಂಹವೊಂದನ್ನು ಕೆತ್ತಿ ನಿಲ್ಲಿಸಿದ್ದರು. ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿರುವ ಸಾಯುತ್ತಿರುವ ಸಿಂಹದ ಮಾದರಿ ಅದು. ಸೋತ ಪಕ್ಷದ ಬಾವುಟದ ಮೇಲೆ ತಲೆಯಿಟ್ಟು ಮಲಗಿತ್ತು. ಯಾರ ಸ್ಮರಣೆ, ಯಾವ ಕಾರಣಕ್ಕೆ ಎಂಬ ವಾಗ್ವಾದ ಬಲಿತು ಅದರ ಮೇಲೆ ದಾಳಿಗಳಾದ ಮೇಲೆ 2021ರಲ್ಲಿ ನಗರಾಡಳಿತ ಅದನ್ನು ಅಲ್ಲಿಂದ ತೆಗೆಸಿತು. ಹೆಸರಿಲ್ಲದೆ ಹೋದ ಬಡ ಹುಡುಗರ ವಿಷಯದಲ್ಲಿ ನನಗೆ ಕನಿಕರವಿದೆ. ಆದರೆ ಕಲ್ಲು ನಿಲ್ಲಿಸುವವರು ಸತ್ತವರಿಗಾಗಿ ಮಾತ್ರ ನಿಲ್ಲಿಸುವುದಿಲ್ಲ. ಬದುಕಿರುವವರಿಗೆ ಏನನ್ನೋ ಹೇಳಲೂ ನಿಲ್ಲಿಸುತ್ತಾರೆ.

ಸಾಹಿತ್ಯದ ಮೇಷ್ಟರಾದ ನನ್ನ ಕಾಲುಗಳು ಸಹಜವಾಗಿಯೇ ಮಾರ್ಗರೆಟ್ ಮಿಚೆಲ್ಲಳನ್ನು ಹುಡುಕಿಕೊಂಡು ಹೋದುವು. 'ಗಾನ್ ವಿತ್ ದ ವಿಂಡ್' ಕಾದಂಬರಿಯನ್ನು 1936ರಲ್ಲಿ ಪ್ರಕಟಿಸಿ, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದಾಕೆ. 1949ರ ಆಗಸ್ಟಿನಲ್ಲಿ ಇದೇ ಊರಿನ ರಸ್ತೆಯನ್ನು ದಾಟುವಾಗ ಕಾರೊಂದು ಬಡಿದು, ಐದು ದಿನಗಳ ಬಳಿಕ ತೀರಿಕೊಂಡಳು. ಗೋರಿಯ ಮೇಲೆ ಗಂಡನ ಮನೆಯ ಹೆಸರು ಸೇರಿರುವುದರಿಂದ ಹಲವರು ಅದನ್ನು ದಾಟಿ ಮುಂದೆ ಹೋಗಿ ಹಿಂತಿರುಗುತ್ತಾರೆ. ಯೌವನದಲ್ಲಿ ಆ ಕಾದಂಬರಿಯನ್ನು ರಾತ್ರಿಯೆಲ್ಲ ಓದಿದವನು ನಾನು. ಒಡೆಯರ ಸುಖವೇ ತಮ್ಮ ಸುಖವೆಂದು ಬಗೆಯುವ ಅದರ ಗುಲಾಮ ಪಾತ್ರಗಳನ್ನು ಆಗ ಪ್ರಶ್ನಿಸಲಿಲ್ಲ, ಈಗ ಓದಲಾರೆ. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಕಪ್ಪು ಜನರ ಮೋರ್‌ಹೌಸ್ ಕಾಲೇಜಿನ ವಿದ್ಯಾರ್ಥಿಗಳು ವೈದ್ಯರಾಗಲೆಂದು ಈಕೆ ಗುಟ್ಟಾಗಿ ಹಣ ಕೊಡುತ್ತಿದ್ದಳು. ಅದನ್ನು ಪಡೆಯುತ್ತಿದ್ದವರು ಅಧ್ಯಕ್ಷ ಬೆಂಜಮಿನ್ ಮೇಸ್. ಮಾರ್ಟಿನ್ ಲೂಥರ್ ಕಿಂಗ್ ಅವರ ಗುರು.

ಮೇಸ್ ಎಂಬ ಹೆಸರು ಕನ್ನಡಿಗರಿಗೆ ಪರಿಚಿತವಾಗಿರಬೇಕಾಗಿತ್ತು. 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕಾಗಿ ಅವರು ನಮ್ಮ ಮೈಸೂರಿಗೇ ಬಂದಿದ್ದರು. ಆಗಿನ ಮಾತಿನಲ್ಲಿ ಅಸ್ಪೃಶ್ಯರ ಶಾಲೆ ಎನಿಸಿದ್ದ ಒಂದೆಡೆಗೆ ಅಲ್ಲಿಯ ಮುಖ್ಯೋಪಾಧ್ಯಾಯರು ಅವರನ್ನು ಕರೆದರು. ಅಮೆರಿಕದ ಅಸ್ಪೃಶ್ಯರೊಬ್ಬರು ಇಷ್ಟು ಮೇಲೇರಿದ್ದಾರೆಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್ ಮೊದಲು ಬೆಚ್ಚಿದರು, ಸಿಟ್ಟಾದರು. ಆಮೇಲೆ ಆ ಮಾತು ನಿಜವೆಂದು ಅವರಿಗೆ ತೋರಿತು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮೈಸೂರಿನ ಆ ಮುಖ್ಯೋಪಾಧ್ಯಾಯರ ಕಣ್ಣು ಎಷ್ಟು ಚುರುಕಾಗಿದ್ದಿರಬೇಕು!

ಈ ಪ್ರಸಂಗ ಮನಸ್ಸಿನಲ್ಲಿ ಸುಳಿಯುತ್ತಿರುವಾಗಲೇ ಮಗಳು ನನ್ನನ್ನು ಮೂಲದ 6 ಎಕರೆಗಳ ಪೂರ್ವದಂಚಿಗೆ ಕರೆದೊಯ್ದಳು. ಅಲ್ಲಿ ಬಿಳಿಯರ ಸಮಾಧಿಗಳಿದ್ದುವು. "ಇದರಲ್ಲಿ ನೋಡುವುದೇನು?" ಎಂದೆ. ನಕ್ಷೆಯೊಡನೆ ಕೊಟ್ಟಿದ್ದ ವಿವರಣೆಯನ್ನು ಆಕೆ ಓದಿ ಹೇಳಿದಳು. ಗುಲಾಮರನ್ನು ಹೂಳುತ್ತಿದ್ದುದು ಈ ಹಿಂಬದಿಯ ಚೌಕದಲ್ಲಿ. ಬಿಳಿಯರಿಗೆ ಎಡೆ ಸಾಲದಾದಾಗ 1877ರಲ್ಲಿ ಆ ಹೆಣಗಳನ್ನು ಅಗೆದು ತೆಗೆಸಿ ಕಪ್ಪು ಬಡವರ ಭಾಗಕ್ಕೆ ಸಾಗಿಸಿದರು. ತೆರವಾದ ನೆಲ ಬಿಳಿಯರದಾಯಿತು. ಗುಲಾಮಗಿರಿ ಕಾನೂನಿನಿಂದ ಅಳಿದು ಆಗಲೇ ಹನ್ನೆರಡು ವರ್ಷಗಳಾಗಿದ್ದುವು! ಹೊಸ ಎಡೆಯಲ್ಲೂ ಅವರ ಗುರುತು ಉಳಿಯಲಿಲ್ಲ. ಮರದ ಹಲಗೆ, ನೆಟ್ಟ ಗಿಡ, ಇವು ಎಷ್ಟು ದಿನ ಬಾಳಿಯಾವು? 2016ರಲ್ಲಿ ನೆಲದಡಿಯನ್ನು ಶೋಧಿಸುವ ರೇಡಾರ್ ಯಂತ್ರವನ್ನು ಆಡಿಸಿದಾಗ ಗುರುತಿಲ್ಲದ 800ಕ್ಕೂ ಹೆಚ್ಚು ಸಮಾಧಿಗಳು ಪತ್ತೆಯಾದುವು. ಅಟ್ಲಾಂಟಾದ ಕಪ್ಪು ಜನರು 1886ರಲ್ಲಿ ಸೌತ್‌ವ್ಯೂ ಎಂಬ ತಮ್ಮದೇ ಸ್ಮಶಾನವನ್ನು ಕಟ್ಟಿಕೊಂಡುದು ಏಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1968ರಲ್ಲಿ ಕಿಂಗ್ ಅವರನ್ನು ಮೊದಲು ಮಣ್ಣುಮಾಡಿದುದೂ ಅಲ್ಲಿಯೇ.

ಕಪ್ಪು ಜನರ ಭಾಗದಲ್ಲಿ ನಾನು ಹೆಚ್ಚು ಹೊತ್ತು ನಿಂತುದು ಕ್ಯಾರಿ ಸ್ಟೀಲ್ ಲೋಗನ್ ಎಂಬಾಕೆಯ ಕಲ್ಲಿನೆದುರು. ಗುಲಾಮಳಾಗಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾಗಿ, ಮುಂದೆ ಊರಿನ ರೈಲು ನಿಲ್ದಾಣದಲ್ಲಿ ಚಾಕರಿಗಿದ್ದವಳು. ಅಲ್ಲಿ ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಹಗಲೆಲ್ಲ ಖಾಲಿ ಗೂಡ್ಸ್ ಡಬ್ಬಿಯಲ್ಲಿ ಇರಿಸಿಕೊಂಡು, ಸಂಜೆ ಮನೆಗೆ ಕರೆದೊಯ್ಯುತ್ತಿದ್ದಳಂತೆ. ತನ್ನ ಜೀವನಕಥೆಯನ್ನು ಬರೆದು, ಮಾರಿ, ಆ ಹಣವನ್ನೂ ಕೂಡಿಸಿ 1888ರಲ್ಲಿ ಅನಾಥಾಲಯ ತೆರೆದಳು. 1900ರಲ್ಲಿ ತೀರಿಕೊಂಡಳು. ಗ್ರಂಥಕರ್ತ್ರಿಯನ್ನು ಹುಡುಕಿ ಬಂದವನಿಗೆ ಒಬ್ಬರ ಬದಲು ಇಬ್ಬರು ದೊರೆತರು.

ಮಧ್ಯಾಹ್ನವಾಗಿತ್ತು. ಇಳಿಜಾರಿನಲ್ಲೊಂದು ಹುಲ್ಲುನೆಲ ಕಂಡಿತು. ಒಂದೂ ಕಲ್ಲಿಲ್ಲ, ಒಳ್ಳೆಯ ನೆರಳು. ಸಮಾಧಿಗಳ ನಡುವೆ ಉಣ್ಣಲು ನನಗಿದ್ದ ಸಂಕೋಚವನ್ನು ಅರಿತ ಮಗಳು ಬುತ್ತಿಯನ್ನು ಅಲ್ಲಿ ಬಿಚ್ಚಿದಳು. ಚಿತ್ರಾನ್ನ ತಿಂದು ಕೈತೊಳೆದು, ಬಂದ ದಾರಿಯನ್ನು ಗೊತ್ತುಮಾಡಿಕೊಳ್ಳಲೆಂದು ನಕ್ಷೆಯನ್ನು ಬಿಡಿಸಿದೆ. ನಾವು ಕುಳಿತಿದ್ದ ಜಾಗಕ್ಕೆ ಅದರಲ್ಲಿ ಹೆಸರಿತ್ತು: ನಿರ್ಗತಿಕರ ಹೊಲ. ಕಲ್ಲು ಹಾಕಿಸಲು ಕಾಸಿಲ್ಲದ ಸುಮಾರು 7,500 ಮಂದಿ ಆ ಹುಲ್ಲಿನಡಿ ಇದ್ದರು. ನಾನು ಎದ್ದು ನಿಂತೆ. ಆದರೆ ಎತ್ತ ಕಾಲಿಟ್ಟರೂ ಅವರ ಮೇಲೆಯೇ ನಡೆದು ಬರಬೇಕಾಗಿತ್ತು.

ಮನೆಗೆ ಬಂದಾಗ ನನ್ನಾಕೆ ಬಾಗಿಲಲ್ಲೇ ತಡೆದು, "ಯಾರ್ಯಾರ ಸಮಾಧಿ ನೋಡಿದಿರಿ?" ಎಂದು ಕೇಳಿದಳು. ಮಿಚೆಲ್ಲಳ ಹೆಸರನ್ನು ಹೇಳಿ ಬಚ್ಚಲಿಗೆ ನಡೆದೆ.